34 ವರ್ಷ ತಡವಾಗಿ ಬಂದ ಮೊದಲ ಆಲ್ಬಂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಊರಹಬ್ಬ ಬಂತೆಂದರೆ ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಗ್ರಾಮದೇವತೆಯ ಗುಡಿಗೆ ಹೊರಡುತ್ತಾರೆ. ಅವರ ಮುಂದೆ ತಮಟೆಯ ತಂಡ. ಹೊರಡುವ ಮೊದಲು ಬೀದಿಯ ಒಂದು ಮೂಲೆಯಲ್ಲಿ ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆಯ ಚರ್ಮ ಕಾಯಿಸುವುದುಂಟು. ಚರ್ಮ ಬಿಗಿದು ನಾದ ಏರುತ್ತದೆ. ಹಿರಿಯರ ನಡುವೆ ಹದಿನಾಲ್ಕು ಹದಿನೈದರ ಹುಡುಗರೂ ಇರುತ್ತಾರೆ. ಒಬ್ಬ ನೇರವಾದ ಪೆಟ್ಟನ್ನು ಬಿಡದೆ ಹಿಡಿದಿರುತ್ತಾನೆ, ಮತ್ತೊಬ್ಬ ಅದರ ಸಂದಿನಲ್ಲಿ ತನ್ನ ಪೆಟ್ಟನ್ನು ತೂರಿಸುತ್ತಾನೆ. ಮೆರವಣಿಗೆ ಗುಡಿ ಮುಟ್ಟುವ ಹೊತ್ತಿಗೆ ಊರಿಗೆ ಊರೇ ಆ ಲಯದಲ್ಲಿ ಹೆಜ್ಜೆ ಹಾಕುತ್ತಿರುತ್ತದೆ. ಬೆಳಗಾದರೆ ಮುಗಿಯಿತು. ಹುಡುಗರು ಶಾಲೆಗೆ, ರೇಷ್ಮೆ ಕೆಲಸಕ್ಕೆ, ಹೊಲಕ್ಕೆ ಹೋಗುತ್ತಾರೆ. ಹಿಂದಿನ ರಾತ್ರಿ ಅವರು ಬಾರಿಸಿದ್ದು ಎಲ್ಲಿ ಹೋಯಿತು?

ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ನುಡಿಸಿದ್ದು ಗಾಳಿಗೆ ಹೋಯಿತು ಎಂದು ಸುಮ್ಮನಾಗುತ್ತೇವೆ. ಆದರೆ ನುಡಿಸಿದ್ದು ಎಲ್ಲಾದರೂ ಉಳಿದಿದ್ದರೆ, ಎಷ್ಟೋ ವರ್ಷಗಳ ಮೇಲೆ ಅದು ಎದ್ದು ಬಂದು ಚರಿತ್ರೆಯ ಪುಟವನ್ನೇ ತಿದ್ದಬಹುದು. ಹಾಗೆ ತಿದ್ದಿದ ಒಂದು ಕಥೆ ಇದೆ. ಅದು ನಡೆದದ್ದು ಬಹಳ ದೂರದಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ. ಅಲ್ಲಿ ಮೂವರು ಹುಡುಗರು ಕಟ್ಟಿದ ಒಂದು ಫಂಕ್ ತಂಡದ ಮೊದಲ ಆಲ್ಬಂ ಹೊರಬರಲು 34 ವರ್ಷ ಹಿಡಿಯಿತು. ಏಕೆ ಹಿಡಿಯಿತು, ಕೊನೆಗೆ ಹೇಗೆ ಬಂತು ಎಂಬುದು ನಮ್ಮ ಊರಿನ ತಮಟೆಗೂ ಸಂಬಂಧಿಸಿದ ಮಾತು.

ಮೊದಲ ಪೆಟ್ಟಿನ ಸಂಗೀತ

ಫಂಕ್ ಎಂದರೇನು ಎಂಬುದನ್ನು ಮೊದಲು ನೋಡೋಣ. ಅಮೆರಿಕದ ಕಪ್ಪು ಜನರ ಆಡುಮಾತಿನಲ್ಲಿ ಈ ಪದಕ್ಕೆ ಮೈಬೆವರಿನ ಘಾಟು ಎಂಬ ಅರ್ಥವಿತ್ತು. ಶಿಷ್ಟರು ಮೂಗು ಮುಚ್ಚಿಕೊಳ್ಳುವ ಈ ಮಾತನ್ನೇ ಸಂಗೀತಗಾರರು ಹೆಮ್ಮೆಯಿಂದ ತಮ್ಮ ಸಂಗೀತಕ್ಕೆ ಇಟ್ಟುಕೊಂಡರು. ಬೆವರು ಹರಿಸಿ ದುಡಿಯುವವರ, ಬೆವರು ಹರಿಯುವ ತನಕ ಕುಣಿಯುವವರ ಸಂಗೀತ ಅದು.

ಅದಕ್ಕೆ ಸ್ಪಷ್ಟ ರೂಪ ಕೊಟ್ಟವರು ಗಾಯಕ ಜೇಮ್ಸ್ ಬ್ರೌನ್, 1960ರ ದಶಕದ ನಡುವಿನಲ್ಲಿ. ಅದಕ್ಕೆ ಮೊದಲು ಅಮೆರಿಕದ ಜನಪ್ರಿಯ ಸಂಗೀತದಲ್ಲಿ ನಾಲ್ಕು ಎಣಿಕೆಯ ಆವರ್ತದ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಒತ್ತು ಬೀಳುವುದು ವಾಡಿಕೆಯಾಗಿತ್ತು. ಬ್ರೌನ್ ಮೊದಲ ಪೆಟ್ಟಿನ ಮೇಲೆ ಇಡೀ ತಂಡದ ಭಾರ ಹಾಕಿದರು. ನಮ್ಮ ತಾಳದ ಲೆಕ್ಕದಲ್ಲಿ ಹೇಳುವುದಾದರೆ ಎಲ್ಲ ವಾದ್ಯಗಳೂ 'ಸಮ'ಕ್ಕೆ ಬಂದು ಒಟ್ಟಿಗೆ ಬೀಳುತ್ತವೆ, ನಡುವಿನ ಹೊತ್ತಿನಲ್ಲಿ ಒಂದೊಂದೂ ತನ್ನ ಪಾಡಿಗೆ ಆಡುತ್ತದೆ. ರಾಗದ ಏರಿಳಿತ ಇಲ್ಲಿ ಹಿಂದೆ ಸರಿಯುತ್ತದೆ. ಡ್ರಮ್ಸ್ ಮತ್ತು ಬೇಸ್ ಗಿಟಾರ್ ಮುಂದೆ ಬರುತ್ತವೆ. ಗಿಟಾರ್ ಕೂಡ ತಂತಿವಾದ್ಯ ಎನ್ನುವುದನ್ನು ಮರೆತು ತಾಳವಾದ್ಯದಂತೆ ಚಟಪಟ ಸದ್ದು ಮಾಡುತ್ತದೆ. ಯಾರೊಬ್ಬರೂ ಹೆಚ್ಚು ನುಡಿಸುವುದಿಲ್ಲ. ಚಿಕ್ಕಚಿಕ್ಕ ತುಣುಕುಗಳು ಒಂದರೊಳಗೊಂದು ಹೆಣೆದುಕೊಂಡು ಲಯ ಹುಟ್ಟುತ್ತದೆ. ತಮಟೆ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

1968ರಲ್ಲಿ ಬ್ರೌನ್ ತಾನು ಕಪ್ಪು, ಅದು ತನಗೆ ಹೆಮ್ಮೆ ಎಂದು ಸಾರುವ ಹಾಡನ್ನು ಹೊರತಂದರು. ಫಂಕ್ ಅಲ್ಲಿಂದ ಕುಣಿತದ ಸಂಗೀತ ಮಾತ್ರವಾಗಿ ಉಳಿಯಲಿಲ್ಲ. ಮರುವರ್ಷ ಡೆಟ್ರಾಯಿಟ್‌ನ ಮೋಟೌನ್ ಕಂಪನಿ 'ಜಾಕ್ಸನ್ 5' ಎಂಬ ಅಣ್ಣತಮ್ಮಂದಿರ ತಂಡವನ್ನು ಜನರ ಮುಂದಿಟ್ಟಿತು. ಮುಖ್ಯ ಗಾಯಕ ಮೈಕೆಲ್ ಜಾಕ್ಸನ್‌ಗೆ ಆಗ 11 ವರ್ಷ. ಅವರ ಗೆಲುವು ಕಂಡ ಮೇಲೆ ಅಮೆರಿಕದ ಕಪ್ಪು ಬಡಾವಣೆಗಳಲ್ಲಿ ಹುಡುಗರ ತಂಡಗಳಿಗೆ ಬರವಿರಲಿಲ್ಲ. ಮನೆಯ ಹಿಂದಿನ ಕೋಣೆಗಳಲ್ಲಿ, ಚರ್ಚಿನ ಹಜಾರಗಳಲ್ಲಿ, ಶಾಲೆಗಳಲ್ಲಿ ಅಭ್ಯಾಸ ನಡೆಯಿತು. ಅವರಲ್ಲಿ ಹೆಚ್ಚಿನವರ ಹೆಸರು ಇಂದು ಯಾರಿಗೂ ನೆನಪಿಲ್ಲ.

ಮೂವರು ಅಣ್ಣತಮ್ಮಂದಿರು

ಡೆಟ್ರಾಯಿಟ್ ಮೋಟಾರು ಕಾರ್ಖಾನೆಗಳ ಊರು. ಮೋಟೌನ್ ಕಂಪನಿಗೆ ಆ ಹೆಸರು ಬಂದದ್ದೂ 'ಮೋಟಾರ್ ಟೌನ್' ಎಂಬುದರಿಂದಲೇ. 1959ರಲ್ಲಿ ಅದನ್ನು ಹುಟ್ಟುಹಾಕಿದ ಬೆರ್ರಿ ಗಾರ್ಡಿ ಕಾರು ಜೋಡಿಸುವ ಕಾರ್ಖಾನೆಯಲ್ಲಿ ದುಡಿದವರು. ಈ ಊರಿನಲ್ಲಿ ಹ್ಯಾಕ್ನಿ ಎಂಬ ಕಪ್ಪು ಕುಟುಂಬವೊಂದಿತ್ತು. 1964ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ಮೊದಲ ಸಲ ಅಮೆರಿಕದ ಟೆಲಿವಿಷನ್‌ನಲ್ಲಿ ಹಾಡಿದಾಗ ತಂದೆ ಮಕ್ಕಳನ್ನು ಕೂರಿಸಿ ಅದನ್ನು ತೋರಿಸಿದರಂತೆ. ಮರುದಿನವೇ ಡೇವಿಡ್ ಎಂಬ ಹುಡುಗನಿಗೆ ಗಲ್ಲಿಯಲ್ಲಿ ಯಾರೋ ಎಸೆದು ಹೋಗಿದ್ದ ಗಿಟಾರ್ ಸಿಕ್ಕಿತು ಎಂದು ಮನೆಯವರು ನೆನೆಯುತ್ತಾರೆ. ಅವನು ಅದರಲ್ಲೇ ಕಲಿತ.

1971ರಲ್ಲಿ ಡೇವಿಡ್ ತನ್ನ ಇಬ್ಬರು ಸೋದರರನ್ನು ಸೇರಿಸಿಕೊಂಡು ತಂಡ ಕಟ್ಟಿದ. ಡೇವಿಡ್‌ದು ಗಿಟಾರ್, ಡ್ಯಾನಿಸ್‌ನದು ಡ್ರಮ್ಸ್, ಎಲ್ಲರಿಗಿಂತ ಚಿಕ್ಕವನಾದ ಬಾಬಿಯದು ಬೇಸ್ ಗಿಟಾರ್ ಮತ್ತು ಹಾಡುಗಾರಿಕೆ. ಮೂವರೂ ಇನ್ನೂ ಹದಿಹರೆಯದವರು. ತಂಡಕ್ಕೆ 'ರಾಕ್ ಫೈರ್ ಫಂಕ್ ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟರು. ತಂದೆತಾಯಿಯ ಮನೆಯ ಒಂದು ಕೋಣೆಯೇ ಅಭ್ಯಾಸದ ಜಾಗ. ನೆರೆಹೊರೆಯವರಿಗೆ ಅದೊಂದು ಉಪದ್ರವ. ನಮ್ಮ ಬೀದಿಯಲ್ಲಿ ಗಣೇಶೋತ್ಸವಕ್ಕೆ ತಿಂಗಳ ಮುಂಚೆಯೇ ಡ್ರಮ್ಸ್ ತಂದು ಅಭ್ಯಾಸ ಮಾಡುವ ಹುಡುಗರ ಪಾಡನ್ನು ನೆನೆದರೆ ಸಾಕು.

ಸ್ವಲ್ಪ ಕಾಲದಲ್ಲೇ ಅವರ ಕಿವಿ ಬೇರೆ ಕಡೆ ತಿರುಗಿತು. ಇಂಗ್ಲೆಂಡಿನ 'ದಿ ಹೂ' ತಂಡದ ಕಾರ್ಯಕ್ರಮ ನೋಡಿ ಬಂದ ಡೇವಿಡ್, ಇನ್ನು ಮುಂದೆ ನಾವು ನುಡಿಸಬೇಕಾದದ್ದು ರಾಕ್ ಎಂದು ತೀರ್ಮಾನಿಸಿದ. ಫಂಕ್‌ನಿಂದ ಕಲಿತ ಬಿಗಿಯಾದ ಲಯ ಉಳಿಯಿತು, ಆದರೆ ವೇಗ ಏರಿತು, ಗಿಟಾರ್ ಗರ್ಜಿಸತೊಡಗಿತು. ಕಪ್ಪು ಹುಡುಗರು ಇದನ್ನೇಕೆ ನುಡಿಸುತ್ತಾರೆ, ಇದು ಬಿಳಿಯರ ಸಂಗೀತವಲ್ಲವೇ ಎಂದು ಬಡಾವಣೆಯವರೇ ಕೇಳಿದರು. ರಾಕ್ ಸಂಗೀತದ ಬೇರು ಇರುವುದೇ ಕಪ್ಪು ಜನರ ಬ್ಲೂಸ್‌ನಲ್ಲಿ ಎಂಬುದು ಆ ವೇಳೆಗೆ ಜನರಿಗೆ ಮರೆತುಹೋಗಿತ್ತು.

ಹೆಸರಿಗೆ ತೆತ್ತ ಬೆಲೆ

ಈ ನಡುವೆ ತಂದೆ ಅಪಘಾತದಲ್ಲಿ ತೀರಿಕೊಂಡರು. ಆ ದುಃಖದಲ್ಲಿ ಡೇವಿಡ್ ತಂಡದ ಹೆಸರನ್ನು ಬದಲಿಸಿದ. ಹೊಸ ಹೆಸರು 'ಡೆತ್', ಅಂದರೆ ಸಾವು. ಸಾವು ಎಂದರೆ ಅಂಜುವ ಸಂಗತಿಯಾಗಿ ಉಳಿಯಬಾರದು, ಅದೂ ಹುಟ್ಟಿನಂತೆ ಸಹಜ, ಅದರಾಚೆಗೆ ಏನೋ ಇದೆ ಎಂಬುದು ಅವನ ನಂಬಿಕೆ. ಸೋದರರಿಗೆ ಮೊದಮೊದಲು ಕಸಿವಿಸಿಯಾಯಿತು, ಆಮೇಲೆ ಒಪ್ಪಿದರು.

ನಮ್ಮವರಿಗೆ ಈ ಯೋಚನೆ ತೀರ ವಿಚಿತ್ರವಾಗಿ ಕಾಣಬೇಕಿಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಿ ದೇವರ ಮೆರವಣಿಗೆಗೆ ಬಾರಿಸುವ ತಮಟೆಯನ್ನೇ ಶವಯಾತ್ರೆಗೂ ಬಾರಿಸುತ್ತಾರೆ. ತುಂಬು ಬಾಳು ಬಾಳಿ ಹೋದ ಹಿರಿಯರ ಮುಂದೆ ಜನ ಕುಣಿಯುವುದೂ ಉಂಟು. ಸಾವನ್ನು ಸದ್ದು ಮಾಡಿ ಕಳಿಸಿಕೊಡುವುದು ನಮಗೆ ಹೊಸದಲ್ಲ. ಆದರೂ ವಾದ್ಯದ ತಂಡವೊಂದು 'ಸಾವು' ಎಂದೇ ಹಲಗೆ ಬರೆಸಿಕೊಂಡರೆ ಮದುವೆಗೆ ಕರೆಯಲು ಯಾರು ಬಂದಾರು? ಅಮೆರಿಕದಲ್ಲೂ ಆದದ್ದು ಅದೇ.

1975ರಲ್ಲಿ ತಂಡಕ್ಕೆ ಡೆಟ್ರಾಯಿಟ್‌ನ ಹೆಸರಾಂತ ಯುನೈಟೆಡ್ ಸೌಂಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಅವಕಾಶ ಸಿಕ್ಕಿತು. 12 ಹಾಡುಗಳ ಆಲ್ಬಂ ಆಗಬೇಕಿತ್ತು. ಹ್ಯಾಕ್ನಿ ಕುಟುಂಬದವರು ಹೇಳುವ ಪ್ರಕಾರ, ಇದಕ್ಕೆ ಹಣ ಕೊಡಲು ಮುಂದೆ ಬಂದವರು ಧ್ವನಿಮುದ್ರಣ ಉದ್ಯಮದ ದೊಡ್ಡ ಕುಳ ಕ್ಲೈವ್ ಡೇವಿಸ್. ಅವರದು ಒಂದೇ ಷರತ್ತು: ಹೆಸರು ಬದಲಿಸಿ. ಡೇವಿಡ್ ಒಪ್ಪಲಿಲ್ಲ. ಹಣ ನಿಂತಿತು. 7 ಹಾಡುಗಳಿಗೇ ಧ್ವನಿಮುದ್ರಣ ಮುಗಿಯಿತು.

ಮುಂದಿನ ವರ್ಷ, 1976ರಲ್ಲಿ, ಅಣ್ಣತಮ್ಮಂದಿರು ತಾವೇ ದುಡ್ಡು ಹೊಂದಿಸಿ ಎರಡು ಹಾಡುಗಳ ಚಿಕ್ಕ ತಟ್ಟೆಯೊಂದನ್ನು 500 ಪ್ರತಿ ಮಾಡಿಸಿದರು. ಒಂದು ಬದಿಗೆ 'ಪೊಲಿಟಿಷಿಯನ್ಸ್ ಇನ್ ಮೈ ಐಸ್' ಎಂಬ, ರಾಜಕಾರಣಿಗಳನ್ನು ತರಾಟೆಗೆ ತೆಗೆದುಕೊಳ್ಳುವ ಹಾಡು. ರೇಡಿಯೊ ಕೇಂದ್ರಗಳು ಅದನ್ನು ಹೆಚ್ಚು ಹಚ್ಚಿಕೊಳ್ಳಲಿಲ್ಲ. 1977ರಲ್ಲಿ ಸೋದರರು ಊರು ಬಿಟ್ಟು ವರ್ಮಾಂಟ್ ಸಂಸ್ಥಾನದ ಬರ್ಲಿಂಗ್ಟನ್‌ಗೆ ಹೋದರು. ಅಲ್ಲಿ ಬೇರೆ ಹೆಸರಿನಲ್ಲಿ ಭಕ್ತಿಪರ ರಾಕ್ ಹಾಡಿದರು. 1982ರಲ್ಲಿ ಡೇವಿಡ್ ಡೆಟ್ರಾಯಿಟ್‌ಗೆ ಮರಳಿದ. ಉಳಿದ ಇಬ್ಬರು ವರ್ಮಾಂಟ್‌ನಲ್ಲೇ ನಿಂತು ರೆಗೆ ತಂಡ ಕಟ್ಟಿಕೊಂಡು ಸಂಸಾರ ಹೂಡಿದರು. 'ಡೆತ್' ಎಂಬ ತಂಡ ಒಂದಿತ್ತು ಎಂಬುದು ಅವರ ಮಕ್ಕಳಿಗೂ ಗೊತ್ತಿರಲಿಲ್ಲ.

ಹಾಡಿಗೂ ತಟ್ಟೆಗೂ ನಡುವೆ

ಇಲ್ಲಿ ತುಸು ನಿಂತು ಯೋಚಿಸಬೇಕು. ಹಾಡುಗಳು ಚೆನ್ನಾಗಿದ್ದವು, ಧ್ವನಿಮುದ್ರಣವೂ ಆಗಿತ್ತು. ಆದರೂ ಆಲ್ಬಂ ಬರಲಿಲ್ಲವೇಕೆ? ಹೆಸರೊಂದೇ ಕಾರಣವಾಗಿರಲಿಲ್ಲ.

ಆ ಕಾಲದಲ್ಲಿ ಹಾಡು ತಟ್ಟೆಯಾಗಬೇಕಾದರೆ ಮೊದಲು ಕಾಂತಸುರುಳಿಯ ಮೇಲೆ ಮೂಲಪ್ರತಿ ತಯಾರಾಗಬೇಕು. ಅದರಿಂದ ಮೆದುವಾದ ಲೇಪವಿರುವ ತಟ್ಟೆಯ ಮೇಲೆ ಗೆರೆ ಕೊರೆಯಬೇಕು, ಅದಕ್ಕೆ ಲೋಹದ ಅಚ್ಚು ತೆಗೆಯಬೇಕು, ಆ ಅಚ್ಚಿನಿಂದ ಪ್ಲಾಸ್ಟಿಕ್ ತಟ್ಟೆಗಳನ್ನು ಒತ್ತಬೇಕು. ಪ್ರತಿ ಹಂತಕ್ಕೂ ಹಣ. ಅಷ್ಟಾದ ಮೇಲೆ ಅಂಗಡಿಗೆ ಮುಟ್ಟಿಸುವವರು ಬೇಕು, ರೇಡಿಯೊದಲ್ಲಿ ಹಾಕಿಸುವವರು ಬೇಕು. ಇದೆಲ್ಲ ಕಂಪನಿಯ ಕೈಯಲ್ಲಿತ್ತು. ಕಂಪನಿಯ ಲೆಕ್ಕಾಚಾರ ಸರಳ: ಈ ಸರಕನ್ನು ಯಾವ ಕಪಾಟಿನಲ್ಲಿ ಇಡುವುದು? ಅಮೆರಿಕದ ರೇಡಿಯೊ ಕೇಂದ್ರಗಳು ಬಹುಮಟ್ಟಿಗೆ ಬಣ್ಣದ ಗೆರೆಯಲ್ಲೇ ಹಂಚಿಹೋಗಿದ್ದವು. ರಾಕ್ ಹಾಕುವ ಕೇಂದ್ರಗಳ ಕೇಳುಗರು ಬಿಳಿಯರು, ಸೋಲ್ ಮತ್ತು ಫಂಕ್ ಹಾಕುವ ಕೇಂದ್ರಗಳ ಕೇಳುಗರು ಕಪ್ಪು ಜನರು. ರಾಕ್ ನುಡಿಸುವ ಕಪ್ಪು ಹುಡುಗರಿಗೆ ಎರಡು ಕಡೆಯೂ ಜಾಗವಿರಲಿಲ್ಲ. ಮೇಲಾಗಿ 1975ರ ಹೊತ್ತಿಗೆ ಡಿಸ್ಕೊ ಅಬ್ಬರ ಶುರುವಾಗಿತ್ತು.

ಬಾಗಿಲು ಕಾಯುವವರನ್ನು ನೆಚ್ಚದೆ ಬೇರೆ ದಾರಿ ಹಿಡಿದವರೂ ಇದ್ದರು. ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಕಪ್ಪು ಬಡಾವಣೆಯ ಕ್ಯಾಶ್‌ಮಿಯರ್ ಹೈಸ್ಕೂಲಿನಲ್ಲಿ ಕಾನ್ರಾಡ್ ಜಾನ್ಸನ್ ಎಂಬ ಸಂಗೀತದ ಮೇಷ್ಟರಿದ್ದರು. ಗಾಯಕ ಓಟಿಸ್ ರೆಡ್ಡಿಂಗ್ ಅವರ ಕಾರ್ಯಕ್ರಮ ನೋಡಿ ಬಂದ ಅವರು, ಶಾಲೆಯ ಬ್ಯಾಂಡ್ ಹಳೆಯ ಜಾಜ್ ಮಟ್ಟುಗಳನ್ನೇ ಊದುತ್ತಿರಬೇಕೇಕೆ ಎಂದು ಯೋಚಿಸಿ ಮಕ್ಕಳಿಗೆ ಫಂಕ್ ಕಲಿಸಿದರು. ಬಿಳಿಯ ಹುಡುಗರೇ ತುಂಬಿದ್ದ ಸ್ಪರ್ಧೆಗಳಲ್ಲಿ ಈ ಮಕ್ಕಳು ಸಾಲುಸಾಲಾಗಿ ಗೆದ್ದರು, ಯುರೋಪ್ ಮತ್ತು ಜಪಾನ್ ಪ್ರವಾಸ ಮಾಡಿ ಬಂದರು. ಮೇಷ್ಟರು ಯಾವ ದೊಡ್ಡ ಕಂಪನಿಗೂ ಕಾಯದೆ ಮಕ್ಕಳು ನುಡಿಸಿದ್ದನ್ನು ತಟ್ಟೆಗಳಲ್ಲಿ ಉಳಿಸಿದರು. ಅವರು 1978ರಲ್ಲಿ ಶಾಲೆ ಬಿಟ್ಟ ಮೇಲೆ ಬ್ಯಾಂಡ್ ಸೊರಗಿತು, ಆದರೆ ತಟ್ಟೆಗಳು ಉಳಿದವು. 2006ರಲ್ಲಿ ಆಯ್ದ ಹಾಡುಗಳ ಸಂಕಲನ ಹೊರಬಂದು ಪ್ರಪಂಚದ ಗಮನ ಸೆಳೆಯಿತು. 2008ರ ಫೆಬ್ರುವರಿ 1ರಂದು ತಲೆ ನರೆತ ಆ ಹಳೆಯ ವಿದ್ಯಾರ್ಥಿಗಳು ಮತ್ತೆ ಸೇರಿ ಗುರುಗಳ ಎದುರು ನುಡಿಸಿದರು. ಎರಡು ದಿನದ ಮೇಲೆ, 92ರ ವಯಸ್ಸಿನಲ್ಲಿ, ಜಾನ್ಸನ್ ತೀರಿಕೊಂಡರು.

ಪೆಟ್ಟಿಗೆಯೊಳಗಿನ ಸುರುಳಿ

ಡೆಟ್ರಾಯಿಟ್‌ನ ಸೋದರರಿಗೆ ಇಂಥ ಮೇಷ್ಟರಿರಲಿಲ್ಲ. ಅವರಲ್ಲಿದ್ದದ್ದು ಮೂಲ ಸುರುಳಿಗಳು ಮತ್ತು ಡೇವಿಡ್‌ನ ಹಟ. 2000ದಲ್ಲಿ ಡೇವಿಡ್ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದ. ಅದಕ್ಕೆ ಸ್ವಲ್ಪ ಮೊದಲು ಸುರುಳಿಗಳನ್ನು ತಮ್ಮ ಬಾಬಿಯ ಕೈಗಿತ್ತು, ಜೋಪಾನವಾಗಿಡು, ಒಂದು ದಿನ ಪ್ರಪಂಚ ಇದನ್ನು ಹುಡುಕಿಕೊಂಡು ಬರುತ್ತದೆ ಎಂದು ಹೇಳಿದ್ದನಂತೆ. ಬಾಬಿ ಅದನ್ನು ಮನೆಯ ಅಟ್ಟದ ಮೇಲೆ ಇಟ್ಟರು.

ಹುಡುಕಿಕೊಂಡು ಬಂದವರು ಮೊದಲು ಹಳೆಯ ತಟ್ಟೆ ಸಂಗ್ರಹಿಸುವ ಹವ್ಯಾಸಿಗಳು. ಆ 500 ಪ್ರತಿಗಳಲ್ಲಿ ಉಳಿದಿದ್ದ ಕೆಲವು ಅವರ ಕೈಗೆ ಸಿಕ್ಕಿ, ಯಾರಿವರು ಎಂಬ ಪ್ರಶ್ನೆ ಎದ್ದಿತು. ಹಾಡು ಕೈಯಿಂದ ಕೈಗೆ ಹರಿದಾಡುತ್ತ ಬಾಬಿಯ ಮಗನೊಬ್ಬನ ಕಿವಿಗೂ ಬಿತ್ತು. ಹಾಡುತ್ತಿರುವ ಕಂಠ ತನ್ನ ಅಪ್ಪನದು ಎಂದು ಅವನಿಗೆ ಗೊತ್ತಾದ ಗಳಿಗೆಯನ್ನು ಊಹಿಸಿಕೊಳ್ಳಬಹುದು. ಮಕ್ಕಳು ತಮ್ಮದೇ ತಂಡ ಕಟ್ಟಿ ಅಪ್ಪಂದಿರ ಹಾಡುಗಳನ್ನು ವೇದಿಕೆಯ ಮೇಲೆ ಹಾಡಿದರು. ಅಟ್ಟದ ಮೇಲಿನ ಸುರುಳಿಗಳು ಕೆಳಗಿಳಿದವು. 2009ರಲ್ಲಿ 'ಡ್ರ್ಯಾಗ್ ಸಿಟಿ' ಎಂಬ ಕಂಪನಿ ಆ 7 ಹಾಡುಗಳನ್ನು ತಂಡದ ಮೊದಲ ಆಲ್ಬಂ ಆಗಿ ಹೊರತಂದಿತು. ಒಟ್ಟು ಅವಧಿ ಅರ್ಧ ಗಂಟೆಗೂ ಕಡಿಮೆ. ತಂಡದ ಹೆಸರು 'ಡೆತ್' ಎಂದೇ ಇತ್ತು.

ಆ ಅರ್ಧ ಗಂಟೆ ಒಂದು ಚರಿತ್ರೆಯನ್ನು ತಿದ್ದಿತು. ಪಂಕ್ ಎಂಬ ಸಿಟ್ಟಿನ, ವೇಗದ ಸಂಗೀತ 1976ರ ಆಸುಪಾಸಿನಲ್ಲಿ ನ್ಯೂಯಾರ್ಕ್ ಮತ್ತು ಲಂಡನ್‌ನ ಬಿಳಿಯ ಹುಡುಗರಿಂದ ಹುಟ್ಟಿತು ಎಂದು ಪುಸ್ತಕಗಳು ಹೇಳುತ್ತಿದ್ದವು. ಅದಕ್ಕೂ ಮೊದಲೇ ಡೆಟ್ರಾಯಿಟ್‌ನ ಮೂವರು ಕಪ್ಪು ಹುಡುಗರು ಹೆಚ್ಚು ಕಡಿಮೆ ಅದನ್ನೇ ನುಡಿಸಿದ್ದರು ಎಂಬುದಕ್ಕೆ ಈಗ ಸಾಕ್ಷಿ ಸಿಕ್ಕಿತು. 2012ರಲ್ಲಿ ಈ ಕುಟುಂಬದ ಮೇಲೆ ಸಾಕ್ಷ್ಯಚಿತ್ರವೂ ಬಂತು. ಬಾಬಿ ಮತ್ತು ಡ್ಯಾನಿಸ್ ಮತ್ತೆ ವೇದಿಕೆ ಏರಿದರು. ಎಲ್ಲಕ್ಕೂ ಕಾರಣನಾದ ಡೇವಿಡ್ ಮಾತ್ರ ಇರಲಿಲ್ಲ.

ಇಷ್ಟೆಲ್ಲ ಸಾಧ್ಯವಾದದ್ದು ಸುರುಳಿ ಉಳಿದದ್ದರಿಂದ. ಅದು ಉಳಿಯುವುದೂ ಸುಲಭವಲ್ಲ. ಕಾಂತಸುರುಳಿ ಎಂದರೆ ತೆಳು ಪ್ಲಾಸ್ಟಿಕ್ ಪಟ್ಟಿಗೆ ಕಬ್ಬಿಣದ ಆಕ್ಸೈಡ್ ಪುಡಿಯನ್ನು ಅಂಟಿನಿಂದ ಹಿಡಿಸಿದ್ದು. 1970 ಮತ್ತು 80ರ ದಶಕದ ಅನೇಕ ಸುರುಳಿಗಳಲ್ಲಿ ಈ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಯಂತ್ರಕ್ಕೆ ಹಾಕಿದರೆ ಪುಡಿ ಉದುರಿ ಹಾಡು ಅಳಿಸಿಹೋಗುತ್ತದೆ. ತಿಳಿದವರು ಅಂಥ ಸುರುಳಿಯನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಹದವಾದ ಶಾಖದಲ್ಲಿ ಹಲವು ಗಂಟೆ ಇಟ್ಟು ತೇವ ಆರಿಸಿ, ಕೂಡಲೇ ಪ್ರತಿ ತೆಗೆದುಕೊಳ್ಳುತ್ತಾರೆ. ತಮಟೆಯನ್ನು ಬೆಂಕಿಗೆ ಹಿಡಿದ ಹಾಗೆಯೇ ಇದೂ. ಹದ ತಪ್ಪಿದರೆ ಕೆಡುತ್ತದೆ. ನಮ್ಮ ಮನೆಗಳ ಬೀರುಗಳಲ್ಲಿ ಬೂಷ್ಟು ಹಿಡಿದು ಕೂತಿರುವ ಕ್ಯಾಸೆಟ್ಟುಗಳನ್ನು ನೆನಪಿಸಿಕೊಳ್ಳಿ.

ನಮ್ಮಲ್ಲಿ ತಡವಾದದ್ದು

ಕನ್ನಡಕ್ಕೆ ಇಂಥ ತಡ ಹೊಸದೇನಲ್ಲ. ಶಿಶುನಾಳ ಶರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಅವರ ಪದಗಳು ಜನರ ಬಾಯಲ್ಲೇ ಉಳಿದು ಬಂದವು. ಸಿ. ಅಶ್ವಥ್ ಅವರ ಸಂಗೀತದಲ್ಲಿ ಧ್ವನಿಸುರುಳಿಯಾಗಿ ನಾಡಿನ ಮನೆಮನೆ ಸೇರುವ ಹೊತ್ತಿಗೆ ಒಂದು ಶತಮಾನವೇ ಕಳೆದಿತ್ತು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ತೆಲುಗು ಮತ್ತು ಕನ್ನಡ ಪದಗಳನ್ನೂ ಭಜನೆಯ ಗೋಷ್ಠಿಗಳೇ ಕಾಪಾಡಿದ್ದು. ತಟ್ಟೆಯ ಕಾಲದಲ್ಲಿ ಕಂಪನಿಯ ಕೃಪೆ ಬೇಕಿತ್ತು. ಕ್ಯಾಸೆಟ್ ಬಂದ ಮೇಲೆ ಖರ್ಚು ಇಳಿಯಿತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಧ್ವನಿಸುರುಳಿ ಬಂದು ಭಾವಗೀತೆಗೆ ದಾರಿ ತೆರೆಯಿತು.

ಕ್ಯಾಸೆಟ್ಟಿನ ಕಾಲ ಮುಗಿಯುವ ಹೊತ್ತಿಗೆ ಬಂದ ತಂಡವೊಂದರ ಅನುಭವವಂತೂ ಡೆಟ್ರಾಯಿಟ್‌ನ ಕಥೆಗೆ ಹತ್ತಿರದ್ದು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಕಾಲೇಜಿನಲ್ಲಿ ಗೆಳೆಯನೊಬ್ಬ ಸವಾಲು ಹಾಕಿದ್ದಕ್ಕೆ ಗಿಟಾರ್ ಹಿಡಿದರು. 1990ರ ದಶಕದ ಕೊನೆಯಲ್ಲಿ ಅವರು ಕಟ್ಟಿದ 'ಅಂತರಾಗ್ನಿ' ತಂಡ ಬೆಂಗಳೂರಿನ ವೇದಿಕೆಗಳಲ್ಲಿ ಹೆಸರು ಮಾಡಿತು. ಆದರೆ ಆಲ್ಬಂ ಮಾಡಲು ಕಂಪನಿಗಳು ವರ್ಷಗಟ್ಟಲೆ ಒಪ್ಪಲಿಲ್ಲ. ಮತ್ತೆ ಅದೇ ಕಪಾಟಿನ ಪ್ರಶ್ನೆ. ಸಿನಿಮಾ ಹಾಡಲ್ಲ, ಭಾವಗೀತೆಯಲ್ಲ. ಕನ್ನಡವೂ ಇದೆ, ಹಿಂದಿಯೂ ಇದೆ, ಶರೀಫರ ಪದಕ್ಕೆ ರಾಕ್ ಗಿಟಾರ್ ಇದೆ. ಇದನ್ನು ಎಲ್ಲಿ ಇಡುವುದು? ತಂಡ ಚದುರಿತು, ಹೊಸ ತಂಡ ಕೂಡಿತು. ಕೊನೆಗೆ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರ ಹಾಡು ಕೇಳಿ, ತಮ್ಮದೇ ಸಂಸ್ಥೆಯಿಂದ 2008ರಲ್ಲಿ ಮೊದಲ ಆಲ್ಬಂ ಹೊರತಂದರು. 2010ರಲ್ಲಿ ಅವರು ಬಿಬಿಸಿ ಟೆಲಿವಿಷನ್ನಿನ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. ಕಪಾಟಿಗೆ ಹೊಂದದ ಹಾಡನ್ನು ಕೇಳುವವರು ಇದ್ದೇ ಇದ್ದರು. ನಡುವಿನ ಬಾಗಿಲು ಮುಚ್ಚಿತ್ತು, ಅಷ್ಟೆ.

ತಮಟೆಯ ಸರದಿ

ಈಗ ಮತ್ತೆ ನಮ್ಮ ಊರಹಬ್ಬಕ್ಕೆ ಬರೋಣ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಹದಿಹರೆಯದಲ್ಲೇ ತಮಟೆ ಹಿಡಿದವರು. ಬಡತನದ ದಲಿತ ಕುಟುಂಬ. ತಾವು ಕಲಿತದ್ದನ್ನು ಕಿರಿಯರಿಗೆ ಕಲಿಸುತ್ತ, ಊರಿನ ಚಾಕರಿ ಎನಿಸಿಕೊಂಡಿದ್ದ ವಾದ್ಯಕ್ಕೆ ಕಲೆಯ ಗೌರವ ತಂದುಕೊಟ್ಟರು. 2023ರಲ್ಲಿ, 72ರ ವಯಸ್ಸಿನಲ್ಲಿ, ಅವರಿಗೆ ಪದ್ಮಶ್ರೀ ಬಂತು. ಹುಡುಗನಾಗಿ ಹಿಡಿದ ಕೋಲಿಗೆ ದೇಶದ ಮನ್ನಣೆ ಸಿಗಲು ಅರ್ಧ ಶತಮಾನಕ್ಕೂ ಮಿಕ್ಕಿ ಕಾಯಬೇಕಾಯಿತು.

ಈ ತಡಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಫಂಕ್ ಎಂಬ ಪದದ ಘಾಟಿಗೆ ಅಮೆರಿಕದ ಶಿಷ್ಟರು ಮೂಗು ಮುಚ್ಚಿಕೊಂಡರೆ, ಇಲ್ಲಿ ಚರ್ಮದ ವಾದ್ಯ ಬಾರಿಸುವವನನ್ನು ಗುಡಿಯ ಹೊರಗೆ ನಿಲ್ಲಿಸಿದರು. ತಮಟೆ ಇಲ್ಲದೆ ದೇವರು ಹೊರಡುವುದಿಲ್ಲ, ತಮಟೆಯವನು ಒಳಗೆ ಬರುವ ಹಾಗಿಲ್ಲ. ಕರ್ನಾಟಕದ ದಲಿತ ಚಳವಳಿಯ ದಿನಗಳಲ್ಲಿ, ಬಿಟ್ಟಿಯಾಗಿ ನಾವಿನ್ನು ತಮಟೆ ಬಡಿಯುವುದಿಲ್ಲ ಎಂಬ ದನಿಯೂ ಎದ್ದಿತು. ಅದೇ ತಮಟೆಯನ್ನು ಹೋರಾಟದ ವೇದಿಕೆಗೆ ತಂದು ಎದೆ ಸೆಟೆಸಿ ಬಾರಿಸಿದ್ದೂ ಆಯಿತು. ಎರಡರ ಹಿಂದೆ ಇದ್ದದ್ದೂ ಒಂದೇ ಸ್ವಾಭಿಮಾನ.

ತಮಟೆಗೆ ಅಟ್ಟದ ಮೇಲಿನ ಸುರುಳಿ ಇರಲಿಲ್ಲ. ಅದು ಉಳಿದದ್ದು ಒಬ್ಬರ ಕೈ ನೋಡಿ ಮತ್ತೊಬ್ಬರು ಕಲಿತದ್ದರಿಂದ. ಕೈಯಿಂದ ಕೈಗೆ ಬಂದ ವಿದ್ಯೆಗೆ ಒಂದು ಹೆಚ್ಚುಗಾರಿಕೆ ಇದೆ, ಅದು ಜಿಗುಟಾಗುವುದಿಲ್ಲ. ಒಂದು ಅಪಾಯವೂ ಇದೆ: ಒಂದು ತಲೆಮಾರು ಕೈ ಬಿಟ್ಟರೆ ಹುಡುಕಲು ಅಟ್ಟವೇ ಇರುವುದಿಲ್ಲ. ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದು ಜನಪದರ ಹಾಡುಗಳ ಧ್ವನಿಮುದ್ರಣವನ್ನು ಸಂಗ್ರಹಿಸಿದ್ದು ಈ ಅಪಾಯವನ್ನು ಕಂಡೇ. ಆದರೆ ಪ್ರತಿ ಊರಿನ ಪ್ರತಿ ವರಸೆಯನ್ನೂ ಒಂದು ಸಂಸ್ಥೆ ಹಿಡಿದಿಡಲಾಗದು. 1960ರ ದಶಕದಿಂದಲೂ ಗೌರಿಬಿದನೂರಿನ ಕೇಂದ್ರದಲ್ಲಿ ಪ್ರಪಂಚದ ಯಾವ ಮೂಲೆಯಲ್ಲಿ ನೆಲ ಅದುರಿದರೂ ದಾಖಲಿಸಿಕೊಳ್ಳುವ ವ್ಯವಸ್ಥೆ ಇದೆ. ಪಕ್ಕದ ಹಳ್ಳಿಯ ತಮಟೆಗೆ ನೆಲ ಅದುರಿದ್ದನ್ನು ದಾಖಲಿಸುವವರು ಊರಿನವರೇ ಆಗಬೇಕು.

ಇಂದು ಅದಕ್ಕೆ ಸ್ಟುಡಿಯೋ ಬೇಡ, ಲೋಹದ ಅಚ್ಚೂ ಬೇಡ. ಎಲ್ಲರ ಜೇಬಿನಲ್ಲೂ ಮೊಬೈಲ್ ಫೋನ್ ಇದೆ. ದೀಪೋತ್ಸವದ ರಾತ್ರಿ ಹತ್ತಾರು ಜನ ಚಿತ್ರ ತೆಗೆಯುತ್ತಾರೆ. ಆದರೆ ಫೋನು ಬದಲಾದಾಗ ಅದೂ ಹೋಗುತ್ತದೆ. ಉಳಿಸುವುದೆಂದರೆ ಹಿಡಿದಿಟ್ಟದ್ದನ್ನು ಇನ್ನೆರಡು ಕಡೆ ಪ್ರತಿ ಮಾಡಿಡುವುದು, ಯಾವ ಊರು, ಯಾವ ದಿನ, ಬಾರಿಸಿದವರು ಯಾರು, ಆ ವರಸೆಗೆ ಅವರು ಕರೆಯುವ ಹೆಸರೇನು ಎಂದು ಜೊತೆಗೆ ಬರೆದಿಡುವುದು. ಹೆಸರಿಲ್ಲದ ಧ್ವನಿಮುದ್ರಣ ವಿಳಾಸವಿಲ್ಲದ ಕಾಗದದಂತೆ. ಊರಿನ ಶಾಲೆಯ ಮೇಷ್ಟರೊಬ್ಬರು ಮನಸ್ಸು ಮಾಡಿದರೆ ಮಕ್ಕಳಿಂದಲೇ ಇದನ್ನು ಮಾಡಿಸಬಹುದು. ಹ್ಯೂಸ್ಟನ್‌ನ ಮೇಷ್ಟರು ಮಾಡಿದ್ದು ಹೆಚ್ಚು ಕಡಿಮೆ ಇಷ್ಟೇ.

ಡೇವಿಡ್ ಹ್ಯಾಕ್ನಿ ತಮ್ಮನ ಕೈಗೆ ಸುರುಳಿ ಕೊಟ್ಟಾಗ ಅದಕ್ಕೆ ಮಾರುಕಟ್ಟೆಯಲ್ಲಿ ಕಾಸಿನ ಬೆಲೆ ಇರಲಿಲ್ಲ. ತಮ್ಮ ಅದನ್ನು ಎಸೆಯಲಿಲ್ಲ, ಅಣ್ಣ ಹೇಳಿದ್ದಾನೆ ಎಂದು ಇಟ್ಟುಕೊಂಡ. ಮುಂದಿನ ಊರಹಬ್ಬದಲ್ಲಿ ಬೀದಿಯ ಮೂಲೆಯ ಬೆಂಕಿಗೆ ತಮಟೆ ಹಿಡಿದ ಹುಡುಗನನ್ನು ಕಂಡರೆ, ಅವನ ಹೆಸರೇನೆಂದು ಕೇಳಿ ಬರೆದಿಟ್ಟುಕೊಳ್ಳೋಣ.